ಜಿರಾಫೆಯ ಮೋಟುಕತ್ತಿನ ದಾಯಾದಿ

ಕೆಲವು ಮನೆತನಗಳಲ್ಲಿ ಒಬ್ಬ ದೊಡ್ಡಪ್ಪ ಇರುತ್ತಾರೆ. ಮನೆಯವರೆಲ್ಲ ಉದ್ದ, ಸಣಕಲು. ಇವರೊಬ್ಬರೇ ಗಿಡ್ಡ, ಗಟ್ಟಿಮುಟ್ಟು, ಕತ್ತು ಎಲ್ಲಿದೆ ಅಂತ ಹುಡುಕಬೇಕು. ಮದುವೆ ಫೋಟೊ ನೋಡಿದವರು "ಇವರು ಯಾರ ಕಡೆಯವರು?" ಅಂತ ಕೇಳದೆ ಬಿಡುವುದಿಲ್ಲ. ಜಿರಾಫೆಯ ವಂಶದಲ್ಲಿ ಆ ದೊಡ್ಡಪ್ಪನೇ ಶಿವಥೀರಿಯಮ್, ಈಗ ಅಳಿದುಹೋಗಿರುವ ಪ್ರಾಣಿ.

ಹೆಸರಲ್ಲಿರುವ ಶಿವ ನಮ್ಮ ಶಿವನೇ. ಸಿಕ್ಕಿದ್ದು ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ. 1836ರಲ್ಲಿ ಅದಕ್ಕೆ ನಾಮಕರಣ ಮಾಡಿದವರು ಇಬ್ಬರು. ಹ್ಯೂ ಫಾಲ್ಕನರ್ ವೈದ್ಯ, ಸಹರಾನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ. ಪ್ರೋಬಿ ಕಾಟ್ಲಿ ಕಾಲುವೆ ಎಂಜಿನಿಯರ್; ಮುಂದೆ ಗಂಗಾ ಕಾಲುವೆ ಕಟ್ಟಿಸಿದವನೂ ಅವನೇ. ಗಿಡ ನೋಡಬೇಕಾದವನು, ನೀರು ಹರಿಸಬೇಕಾದವನು, ಇಬ್ಬರೂ ಮಾರ್ಕಂಡಾ ನದಿಯ ಕಣಿವೆಯ ಮೂಳೆಗಳ ಹಿಂದೆ ಬಿದ್ದರು. ಸಂಬಳದ ಕೆಲಸಕ್ಕಿಂತ ಇಂಥದ್ದರಲ್ಲೇ ರುಚಿ ಜಾಸ್ತಿ, ಅಲ್ವಾ? ಮರುವರ್ಷವೇ ಲಂಡನ್ನಿನ ಭೂವಿಜ್ಞಾನ ಸಂಘ ಇಬ್ಬರಿಗೂ ವೊಲಾಸ್ಟನ್ ಪದಕ ಕೊಟ್ಟಿತು.

ಆ ತಲೆಬುರುಡೆ ಯಾರನ್ನಾದರೂ ತಬ್ಬಿಬ್ಬು ಮಾಡುವಂಥದ್ದು. ಕಣ್ಣಿನ ಮೇಲೆ ಎರಡು ಚೂಪು ಕೊಂಬು. ಹಿಂದೆ ಇನ್ನೆರಡು, ಅಗಲವಾಗಿ, ಚಪ್ಪಟೆಯಾಗಿ ಹರಡಿಕೊಂಡಿವೆ. ಮೂಗಿನ ಮೂಳೆ ಮಾತ್ರ ಮೋಟು. ಅದನ್ನು ನೋಡಿ ಇಬ್ಬರೂ ಸೊಂಡಿಲು ಇದ್ದಿರಬೇಕು ಅಂದುಕೊಂಡರು. ಮುಂದೆ ಎಷ್ಟೋ ಚಿತ್ರಗಾರರು ಸೊಂಡಿಲು ಅಂಟಿಸಿಯೇ ಬಿಟ್ಟರು. ಈಗಿನ ಚಿತ್ರಗಳಲ್ಲಿ ಸೊಂಡಿಲು ಹೋಗಿದೆ, ಕೊಂಬು ಉಳಿದಿವೆ. ಪುಣ್ಯ.

ಭುಜದವರೆಗಿನ ಎತ್ತರ ಸುಮಾರು 2.2 ಮೀಟರ್. 2016ರಲ್ಲಿ ಕಂಪ್ಯೂಟರಿನಲ್ಲಿ ಮೂಳೆ ಜೋಡಿಸಿ ಹಾಕಿದ ಲೆಕ್ಕದ ಪ್ರಕಾರ ತೂಕ ಸುಮಾರು 1,250 ಕಿಲೊ. ದೊಡ್ಡ ಗಂಡು ಜಿರಾಫೆಯೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಸಾಮಾನು ಇಬ್ಬರಿಗೂ ಒಂದೇ. ಒಬ್ಬ ಮೇಲಕ್ಕೆ ಎಳೆದ, ಇನ್ನೊಬ್ಬ ಅಡ್ಡಕ್ಕೆ ಹರಡಿದ.

ಆದರೂ ವಿಚಿತ್ರ ಅನ್ನಿಸಬೇಕಾದ್ದು ಯಾರು? ಈ ವಂಶದಲ್ಲಿ ಇವತ್ತು ಉಳಿದಿರುವುದು ಎರಡೇ ಬಗೆ: ಜಿರಾಫೆ ಮತ್ತು ಕಾಂಗೊ ಕಾಡಿನ ಒಕಾಪಿ. ಒಕಾಪಿಯ ಕತ್ತೂ ಸಾಧಾರಣದ್ದೇ. ಖಂಭಾತ್ ಕೊಲ್ಲಿಯ ಪೇರಿಂ ದ್ವೀಪದಲ್ಲಿ ಸಿಕ್ಕ ಬ್ರಹ್ಮಥೀರಿಯಮ್ ಕೂಡ ಕೊಂಬಿನ ಗತ್ತಿನದು, ಕತ್ತಿನದಲ್ಲ. (ಬರ್ಮಾದಲ್ಲಿ ವಿಷ್ಣುಥೀರಿಯಮ್ ಕೂಡ ಸಿಕ್ಕಿತು. ತ್ರಿಮೂರ್ತಿಗಳ ಕೋಟಾ ಭರ್ತಿ!) ನನ್ನ ಲೆಕ್ಕದಲ್ಲಿ ದೊಡ್ಡಪ್ಪ ಸರಿಯಾಗಿಯೇ ಇದ್ದ. ಎಲ್ಲರಿಗೂ ಇರುವ ಅದೇ ಏಳು ಕತ್ತಿನ ಮೂಳೆಗಳನ್ನು ಸಿಕ್ಕಾಪಟ್ಟೆ ಉದ್ದ ಮಾಡಿಕೊಂಡು, ನೀರು ಕುಡಿಯಬೇಕಾದರೆ ಮುಂಗಾಲು ಅಗಲಿಸಿ ಒದ್ದಾಡುವ ಜಿರಾಫೆಯೇ ಮನೆತನ ಬಿಟ್ಟು ಹೋದದ್ದು.

ಶಿವಥೀರಿಯಮನ್ನು ಮನುಷ್ಯರು ಕಣ್ಣಾರೆ ಕಂಡಿದ್ದರು ಅನ್ನುವ ಆಸೆಯೂ ಒಮ್ಮೆ ಹುಟ್ಟಿತ್ತು. ಇರಾಕಿನ ಹಳೆಯ ಕಿಶ್ ನಗರದಲ್ಲಿ ರಥದ ಲಗಾಮು ಪೋಣಿಸುವ ತಾಮ್ರದ ಬಳೆ ಸಿಕ್ಕಿತ್ತು. ಅದರ ಮೇಲೊಂದು ಕೊಂಬಿನ ಪ್ರಾಣಿ, ಮೂತಿಗೆ ಹಗ್ಗ. 1936ರಲ್ಲಿ ಎಡ್ವಿನ್ ಕೋಲ್ಬರ್ಟ್ ಎಂಬ ವಿಜ್ಞಾನಿ ಇದು ಶಿವಥೀರಿಯಮ್ ಅಂದ. ಆಮೇಲೆ ಕೊಂಬಿನ ಮುರಿದ ತುಂಡುಗಳು ಸಿಕ್ಕವು. ಜೋಡಿಸಿ ನೋಡಿದರೆ ಜಿಂಕೆ!

ಈಗ ನೋಡಲೇಬೇಕು ಅಂದರೆ ಹಿಮಾಚಲದ ಸುಕೇತಿಗೆ ಹೋಗಬೇಕು. ಅದೇ ಮಾರ್ಕಂಡಾ ಕಣಿವೆ. 1974ರಿಂದ ಅಲ್ಲೊಂದು ಪಳೆಯುಳಿಕೆ ಉದ್ಯಾನ ಇದೆ, ಫೈಬರ್‌ಗ್ಲಾಸಿನ ಪ್ರಾಣಿಗಳು ನಿಂತಿವೆ. ಸುಮ್ನೆ ಕತ್ತು ನೋಡಿ ಹುಡುಕಬೇಡಿ, ಕೊಂಬು ಎಣಿಸಿ.