ಬಾಲ್ಯವಿವಾಹ ನಿಲ್ಲಿಸಿ ಮುಚ್ಚಳಿಕೆ ಬರೆಸ್ಕೊಂಡ ಮಾರನೇ ದಿನ ಆ ಮನೆಗೆ ಯಾರು ಹೋಗ್ತಾರೆ?

ಹುಡುಗಿ ಹೆಸರು, ಊರು ಹೇಳಲ್ಲ, ದಯವಿಟ್ಟು ಕಮೆಂಟಲ್ಲೂ ಕೇಳ್ಬೇಡಿ. ಶಿರಸಿ ಕಡೆ, ಘಟ್ಟದ ಮೇಲೆ, ಕೆಲವು ವರ್ಷದ ಹಿಂದೆ ನಾನು ಕಲಿಸ್ತಿದ್ದ ಹೈಸ್ಕೂಲಿನ ಮಾತು. ಅಡಿಕೆ ಕೊಯ್ಲಿನ ಟೈಮು. ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಳು ಶಾಲೆ ಬಿಟ್ಟ ಮೇಲೂ ಮನೆಗೆ ಹೋಗ್ದೇ ಕಿಟಕಿ ಹಾಕೋ ನೆಪದಲ್ಲಿ ನಿಂತಿದ್ಳು. ರಾತ್ರಿ ಆಯಿ ಜೊತೆ ಕೂತು ಅಡಿಕೆ ಸುಲಿದು ಸುಲಿದು ಬೆರಳ ತುದಿಯೆಲ್ಲ ಚೊಗರು ಹಿಡಿದು ಕಪ್ಪಾಗಿತ್ತು, ಆ ಬೆರಳನ್ನೇ ಉಜ್ಜಿಕೊಳ್ತಾ "ಅಕ್ಕೋರೇ, ಅಪ್ಪ ಟಿಸಿ ಕೇಳೋಕೆ ಬಂದ್ರೆ ಕೊಡ್ಬೇಡಿ" ಅಂದ್ಳು. ಅಷ್ಟೇ. ಮದ್ವೆ ಅನ್ನೋ ಮಾತು ಅವಳ ಬಾಯಿಂದ ಬರ್ಲಿಲ್ಲ, ನಾನೇ ಕೇಳಿ ಬಿಡಿಸ್ಬೇಕಾಯ್ತು.

ಅವತ್ತು ಸಂಜೆನೇ ಹೆಡ್ಮಾಸ್ತರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ರು. ಮಾರನೇ ದಿನ ಮಹಿಳಾ ಮತ್ತು ಮಕ್ಕಳ ಇಲಾಖೆಯ ಸಿಡಿಪಿಒ ಆಫೀಸಿಂದ ಸೂಪರ್‌ವೈಸರ್ ಮೇಡಂ, ಪೊಲೀಸು, ಪಂಚಾಯ್ತಿ ಪಿಡಿಒ, ಅಂಗನವಾಡಿ ಟೀಚರ್ ಎಲ್ಲ ಆ ಮನೆ ಅಂಗಳದಲ್ಲಿ ಸೇರಿದ್ರು. 18 ತುಂಬದೇ ಮದ್ವೆ ಮಾಡಿದ್ರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಮದ್ವೆ ಮಾಡ್ಸಿದ ಭಟ್ರಿಂದ ಹಿಡಿದು ಮುಂದೆ ನಿಂತವರಿಗೆಲ್ಲ ಕೇಸು ಅಂತ ಬಿಡಿಸಿ ಹೇಳಿದ್ರು. ಅಪ್ಪ ತಲೆ ಬಗ್ಗಿಸಿ, ಮದ್ವೆ ಮಾಡಲ್ಲ ಅನ್ನೋ ಮುಚ್ಚಳಿಕೆಗೆ ಸಹಿ ಹಾಕಿದ, ಚಹಾ ಆಯ್ತು, ಫೋಟೋ ಆಯ್ತು, ಜೀಪು ಹೊರಟಿತು. ನಾನು ಅವತ್ತು ರಾತ್ರಿ ನೆಮ್ಮದಿಯಿಂದ ಮಲಗಿದ್ದೆ.

ಮೂರು ವಾರದೊಳಗೆ ಅವಳ ಮದ್ವೆ ಬೇರೆ ಜಿಲ್ಲೆಯ ಒಂದು ದೇವಸ್ಥಾನದಲ್ಲಿ ಆಗಿಹೋಯ್ತು.

ನಂಗೆ ಇವತ್ತಿಗೂ ನಿದ್ದೆ ಕೆಡಿಸೋದು ಯಾವ್ದು ಅಂದ್ರೆ, ಅದು ಯಾರಿಗೂ ಗೊತ್ತಿಲ್ದೇ ಆಗಿದ್ದಲ್ಲ. ಅವಳು ನಾಲ್ಕು ದಿನ ಶಾಲೆಗೆ ಬಂದಿಲ್ಲ ಅನ್ನೋದು ನಮಗೆ ಗೊತ್ತಿತ್ತು, ಕೊಯ್ಲಿನ ಟೈಮಲ್ಲಿ ಮಕ್ಕಳು ತಪ್ಪಿಸೋದು ಮಾಮೂಲು ಅಂತ ಸುಮ್ನಿದ್ವಿ. ಮನೆಗೆ ಹೊಸ ಸೀರೆ ಬಂದಿದ್ದು ಅಂಗನವಾಡಿ ಟೀಚರ್ ಕಣ್ಣಿಗೆ ಬಿದ್ದಿತ್ತು, ಶಾಲೆಯವ್ರಿಗೆ ಗೊತ್ತಿರ್ತದೆ ಬಿಡು ಅಂದ್ಕೊಂಡಿದ್ರಂತೆ. ಪೊಲೀಸರ ಲೆಕ್ಕದಲ್ಲಿ ಮುಚ್ಚಳಿಕೆ ಬಂತು, ಕೆಲಸ ಮುಗೀತು. ಇಲಾಖೆಯವ್ರು ಏನಾದ್ರೂ ಆದ್ರೆ ಕೆಳಗಿನವ್ರು ಹೇಳ್ತಾರೆ ಅಂತ ಕಾಯ್ತಾ ಇದ್ರು. ಎಲ್ಲರ ಕೈಲೂ ಒಂದೊಂದು ತುಂಡು ಇತ್ತು ಮಾರಾಯ್ರೆ, ಜೋಡಿಸಿ ನೋಡೋರು ಒಬ್ರೂ ಇರ್ಲಿಲ್ಲ, ಅದ್ರಲ್ಲಿ ನಾನೂ ಸೇರಿದೀನಿ.

ಕಾನೂನು ಇಲ್ಲ ಅಂತಲ್ಲ. ಮದ್ವೆ ಮಾಡ್ಬಿಡ್ತಾರೆ ಅನ್ನೋ ಅಪಾಯದಲ್ಲಿರೋ ಮಗೂನ 2015ರ ಬಾಲನ್ಯಾಯ ಕಾಯ್ದೆ ಪಾಲನೆ ಮತ್ತು ರಕ್ಷಣೆ ಬೇಕಾದ ಮಗು ಅಂತಲೇ ಲೆಕ್ಕ ಹಾಕ್ತದೆ, ಅಂದ್ರೆ ಅವಳನ್ನ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರ್ಕೊಂಡು ಹೋಗ್ಬಹುದು, ಎಲ್ಲಿರಬೇಕು, ಮುಂದೆ ಯಾರು ನೋಡ್ಕೋಬೇಕು ಅಂತ ಆದೇಶ ಮಾಡೋ ಅಧಿಕಾರ ಆ ಸಮಿತಿಗಿದೆ. ನಮ್ಮ ಹುಡುಗಿ ಅಲ್ಲಿವರೆಗೆ ಹೋಗ್ಲೇ ಇಲ್ಲ. ದೂರ ಅಂದ್ರು, ಕೂಲಿ ತಪ್ತದೆ ಅಂದ್ರು. ನಮ್ಮ ಜಿಲ್ಲೆಲಿ ದೂರ ಅನ್ನೋದು ಸುಳ್ಳಲ್ಲ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಜಿಲ್ಲಾ ಕೇಂದ್ರ ಕಾರವಾರ ಮುಟ್ಟೋ ಹೊತ್ತಿಗೆ ಅರ್ಧ ದಿನ ಹೋಗಿರ್ತದೆ, ಮುಂಡಗೋಡ ಹಳಿಯಾಳದವ್ರ ಕಥೆ ಹೇಳೋದೇ ಬೇಡ. ಆದ್ರೆ ಸಮಿತಿ ಕೂತಿಲ್ದೇ ಇದ್ದಾಗ ಮಗೂನ ಯಾರಾದ್ರೂ ಒಬ್ಬ ಸದಸ್ಯರ ಮುಂದೆ ಹಾಜರು ಮಾಡ್ಬಹುದು ಅಂತ ಅದೇ ಕಾಯ್ದೆಲಿದೆ. ಆ ಅಂಗಳದಲ್ಲಿ ನಿಂತಿದ್ದ ನಮ್ಮಲ್ಲಿ ಒಬ್ರಿಗಾದ್ರೂ ಅದು ಹೊಳೀಲಿಲ್ಲ.

ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಅಂತ ತಿದ್ದುಪಡಿ ಬಂದಿದೆ. ಕಾಗದದ ಮೇಲೆ ಅವಳ ಮದ್ವೆ ಮದ್ವೆನೇ ಅಲ್ಲ. ಅದನ್ನ ಅವಳಿಗೆ ಹೋಗಿ ಹೇಳಿದವರು ಯಾರು?

ಅದಾದ ಮೇಲೆ ಇನ್ನೊಂದು ವರ್ಷ ಇನ್ನೊಂದು ಹುಡುಗಿ ವಿಷಯ ಬಂತು. ಈ ಸಲ ಹೆಡ್ಮಾಸ್ತರು ಮುಚ್ಚಳಿಕೆಗೆ ನಿಲ್ಲಿಸ್ಲಿಲ್ಲ, ಸಮಿತಿ ಮುಂದೆ ಹೋಗ್ಲೇಬೇಕು ಅಂತ ಹಟ ಹಿಡಿದ್ರು, ಜೀಪಿನ ವ್ಯವಸ್ಥೆನೂ ಮಾಡ್ಸಿದ್ರು. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಲ್ಲಿ ಸೀಟು ಸಿಕ್ತು. ಪ್ರತಿ ಸೋಮವಾರ ಶಾಲೆಯಿಂದ ಹಾಜರಿ ಹೇಳೋದು ನನ್ನ ಕೆಲಸ, ಶನಿವಾರ ಅವಳು ಮನೆಗೆ ಬಂದ್ರೆ ನೋಡ್ಕೊಂಡು ಬರೋದು ಅಂಗನವಾಡಿ ಟೀಚರ್ ಕೆಲಸ, ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ಒಂದು ಚೀಟೀಲಿ ಬರೆದು ಆಫೀಸ್ ರೂಮಲ್ಲಿ ಅಂಟಿಸಿದ್ವಿ. ವಾಟ್ಸಾಪ್ ಗ್ರೂಪ್ ಮಾಡೋಣ ಅಂದ್ರು ಯಾರೋ, ಬೇಡ ಅಂದೆ, ಮಗುವಿನ ಹೆಸರು ಹತ್ತು ಜನರ ಮೊಬೈಲಲ್ಲಿ ಓಡಾಡೋದು ಸರಿಯಲ್ಲ, ಫೋನೇ ಸಾಕು. ಅವಳು ಎಸ್‌ಎಸ್‌ಎಲ್‌ಸಿ ಪಾಸಾದ್ಳು. ಇದಕ್ಕೆ ಹೊಸ ಯೋಜನೆ ಬಂದಿರ್ಲಿಲ್ಲ, ಬಜೆಟ್ಟೂ ಬಂದಿರ್ಲಿಲ್ಲ. ಅದೇ ಜನ, ಅದೇ ಇಲಾಖೆ. ಮದ್ವೆ ನಿಲ್ಲಿಸಿದ ಮೇಲಿನ ಆರು ತಿಂಗಳಿಗೆ ಯಾರು ಹೊಣೆ ಅಂತ ಅವತ್ತೇ ಹೆಸರು ಹಿಡಿದು ಹೇಳಿದ್ವಿ, ಅದೊಂದೇ ವ್ಯತ್ಯಾಸ. ಪ್ರತಿ ತಾಲೂಕಲ್ಲೂ ಇದು ಆಗ್ಬೇಕು, ಮೀಟಿಂಗಲ್ಲಿ ಎಷ್ಟು ಮದ್ವೆ ತಡೆದ್ರಿ ಅಂತ ಕೇಳೋ ಮೇಲಿನವ್ರು, ತಡೆದ ಮಕ್ಕಳು ಈಗ ಎಲ್ಲಿದಾರೆ ಅಂತನೂ ಕೇಳ್ಬೇಕು.

ಈಗ ನನ್ನ ಕ್ಲಾಸಲ್ಲಿ ಯಾವ ಹುಡುಗಿ ಮೂರು ದಿನ ಬರ್ಲಿಲ್ಲ ಅಂದ್ರೂ ನಾಲ್ಕನೇ ದಿನಕ್ಕೆ ಕಾಯಲ್ಲ. ನಿನ್ನೆನೂ ಒಂದು ಮನೆಗೆ ಫೋನ್ ಹಚ್ಚಿದ್ದೆ. ಜ್ವರ ಅಂತೆ, ಸೋಮವಾರ ಕಳಿಸ್ತೀವಿ ಅಂದ್ರು. ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕಂಗೂ ಹೇಳಿದೀನಿ, ಇವತ್ತು ಸಂಜೆ ಆ ಕಡೆ ಹೋಗ್ತಾರಂತೆ.