ಸಮುದ್ರಕ್ಕೂ ಹದ್ದುಬಸ್ತು

ಹೊಲದ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯರ್ ದಾರಿ ಕಾಯುತ್ತಿರುವವರು ಅಮೆರಿಕದವರನ್ನು ನೋಡಿ ಹೊಟ್ಟೆ ಉರಿಸಿಕೊಳ್ಳಬೇಕು. ಅವರು 1987ರ ಹೊತ್ತಿಗೇ ಸಮುದ್ರಕ್ಕೆ ಹದ್ದುಬಸ್ತು ಮಾಡಿ ಮುಗಿಸಿದ್ದರು. ಕ್ಯಾಲಿಫೋರ್ನಿಯಾದ ಪಾಯಿಂಟ್ ಕನ್ಸೆಪ್ಷನ್ ಭೂಶಿರದಿಂದ ಮೆಕ್ಸಿಕೋ ಗಡಿಯವರೆಗೆ ಕಡಲ ನೀರುನಾಯಿಗಳಿಗೆ ಆಗ ಪ್ರವೇಶವಿರಲಿಲ್ಲ. ಗಡಿಕಲ್ಲೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ತಿಳಿದುಕೊಂಡು ಈಜುವುದು ನೀರುನಾಯಿಯ ಜವಾಬ್ದಾರಿ.

ಹಂಪಿಯ ಬಳಿ ತುಂಗಭದ್ರೆಯಲ್ಲಿ ಕಾಣುವ ನೀರುನಾಯಿಯ ದೊಡ್ಡಪ್ಪನ ಮನೆಯದು ಇದು. ಗಂಡು 30 ಕೆ.ಜಿ. ತೂಗುತ್ತದೆ. ಸೀಲ್‌ಗಿರುವ ಕೊಬ್ಬಿನ ಪದರ ಇದಕ್ಕಿಲ್ಲ, ಚಳಿಗೆ ತುಪ್ಪಳವೊಂದೇ ದಿಕ್ಕು. ಆ ತುಪ್ಪಳಕ್ಕಾಗಿ ಕೊಂದು ಕೊಂದು ಕ್ಯಾಲಿಫೋರ್ನಿಯಾದಲ್ಲಿ ಉಳಿದದ್ದು ಐವತ್ತರ ಆಸುಪಾಸು. 1911ರ ಒಪ್ಪಂದ ಬೇಟೆ ನಿಲ್ಲಿಸಿತು, 1977ರಲ್ಲಿ ಕಾನೂನಿನ ರಕ್ಷಣೆಯೂ ಸಿಕ್ಕಿತು. ಆದರೂ ಒಂದು ತೈಲ ಹಡಗು ಒಡೆದರೆ ಕಥೆ ಮುಗಿಯಿತು: ಎಣ್ಣೆ ಮೆತ್ತಿದ ತುಪ್ಪಳದಲ್ಲಿ ಗಾಳಿ ನಿಲ್ಲದು, ತಣ್ಣೀರು ನೇರ ಚರ್ಮಕ್ಕೆ ತಾಗುತ್ತದೆ. ಹಾಗಾಗಿ ದೂರದ ಸ್ಯಾನ್ ನಿಕೋಲಸ್ ದ್ವೀಪದಲ್ಲಿ ಇನ್ನೊಂದು ಬಿಡಾರ ಹೂಡೋಣ ಎಂದರು. ಇಲ್ಲಿಯವರೆಗೆ ಬುದ್ಧಿ ನೆಟ್ಟಗಿತ್ತು.

ದಿನಕ್ಕೆ ತನ್ನ ತೂಕದ ಕಾಲುಭಾಗ ತಿನ್ನುವ ನೆಂಟನಿದು. ಮುಳ್ಳುಚೆಂಡಿನಂಥ ಸೀ ಅರ್ಚಿನ್, ಅಬಲೋನಿ ಎಂಬ ಕಡಲ ಬಸವನಹುಳು, ಏಡಿ, ಯಾವುದೂ ಬಿಡುವುದಿಲ್ಲ. ಅವುಗಳನ್ನೇ ಹಿಡಿದು ಬದುಕುವ ಮೀನುಗಾರರು ತಕರಾರು ತೆಗೆದರು, ತೆಗೆಯದೆ ಇನ್ನೇನು? 1986ರಲ್ಲಿ ಸಂಸತ್ತು ಅಣ್ಣತಮ್ಮಂದಿರ ಪಾಲು ಮಾಡಿದಂತೆ ಮಾಡಿತು. ದ್ವೀಪ ನೀರುನಾಯಿಗೆ, ಸುತ್ತಲ ದಕ್ಷಿಣದ ಕಡಲು ಮೀನುಗಾರರಿಗೆ. ಅದೇ ಪ್ರಾಣಿ ಗೆರೆಯ ಉತ್ತರಕ್ಕೆ ಬಲೆಗೆ ಸಿಕ್ಕಿ ಸತ್ತರೆ ಕಾನೂನಿನ ಪ್ರಶ್ನೆ, ದಕ್ಷಿಣಕ್ಕೆ ಸತ್ತರೆ ಬರೀ ಅಕಸ್ಮಾತ್. ಜೀವಂತವಾಗಿ ಸಿಕ್ಕರೆ ಮಾತ್ರ ಪ್ರಾಣಕ್ಕೆ ಸಂಚಕಾರ ಬಾರದಂತೆ ಹಿಡಿದು ಗಡಿಪಾರು ಮಾಡಬೇಕಿತ್ತು.

ಗಡಿಪಾರಿನ ವಿಧಾನ ನೋಡಿ. ನೀರುನಾಯಿ ಕೆಲ್ಪ್ ಪಾಚಿಯನ್ನು ಮೈಗೆ ಸುತ್ತಿಕೊಂಡು ಅಂಗಾತ ಮಲಗಿರುತ್ತದೆ. ಮುಳುಗುಗಾರ ಗುಳ್ಳೆ ಬಿಡದ ಉಸಿರಾಟದ ಯಂತ್ರ ತೊಟ್ಟಿರಬೇಕು, ಗುಳ್ಳೆ ಎದ್ದರೆ ಅದೂ ಎದ್ದಿತು. ಮೂತಿಗೆ ಬಲೆಯ ಬೋನು ಕಟ್ಟಿದ ನೀರೊಳಗಿನ ಸ್ಕೂಟರ್ ಹಿಡಿದು ತಳದಿಂದ ಮೇಲೇರಬೇಕು. ಬೆನ್ನಡಿಗೆ ಬೋನು ಬಂದೊಡನೆ ಬಾಯಿ ಬಿಗಿಯಬೇಕು. ತಪ್ಪಿದರೆ ಎರಡನೇ ಅವಕಾಶ ಕೊಡುವಷ್ಟು ಪೆದ್ದು ಪ್ರಾಣಿಯಲ್ಲ. ದಡಕ್ಕೆ ತಂದ ಮೇಲೆ ಭಯ ಚಳಿಯದಲ್ಲ, ಸೆಕೆಯದು. ಆ ತುಪ್ಪಳದೊಳಗೆ ಮೈ ಬೇಯುತ್ತದೆ, ಮಂಜುಗಡ್ಡೆ ಕೊಡುತ್ತಿರಬೇಕು. ಪಂಜರದಲ್ಲಿ ತನ್ನ ಹೇಲೇ ಮೈಗೆ ಮೆತ್ತಿಕೊಂಡರೆ ಅದೂ ಎಣ್ಣೆ ಮೆತ್ತಿದಂತೆಯೇ. ಇಷ್ಟು ಉಪಚಾರ ಮಾಡಿ ಉತ್ತರಕ್ಕೆ ಒಯ್ದು ಬಿಟ್ಟರೆ ಕೆಲವು ಬೇಗನೇ ಸತ್ತವು, ಕೆಲವು ಈಜಿಕೊಂಡು ಮತ್ತೆ ನಿಷೇಧಿತ ನೀರಿಗೇ ಬಂದವು.

ದ್ವೀಪಕ್ಕೆ 1990ರವರೆಗೆ ಒಯ್ದದ್ದು 140. ಹೆಚ್ಚಿನವು ಅಲ್ಲಿ ನಿಲ್ಲಲಿಲ್ಲ. ಎಷ್ಟೋ ನೀರುನಾಯಿಗಳು ತೆರೆದ ಸಮುದ್ರ ದಾಟಿ ಹಿಡಿದ ಜಾಗಕ್ಕೇ ವಾಪಸಾದವು. ಗೆರೆಯೊಳಗೆ ಹಿಡಿದದ್ದು 24. 1993ರಲ್ಲಿ ವನ್ಯಜೀವಿ ಇಲಾಖೆ ಹಿಡಿಯುವುದನ್ನು ಬಿಟ್ಟಿತು, ಗೆರೆಯನ್ನು ಮಾತ್ರ ಬಿಡಲಿಲ್ಲ. 1998ರಲ್ಲಿ ನೂರರಷ್ಟು ನೀರುನಾಯಿಗಳು ಒಟ್ಟಿಗೆ ಗೆರೆ ದಾಟಿ ಬಂದವು. ತಡೆಯುವವರಿಲ್ಲ, ಬನ್ನಿ ಎನ್ನುವ ಕಾನೂನೂ ಇಲ್ಲ. ಅಜ್ಜನ ಕಾಲದ ಮನೆಗೆ ಬಂದ ಮೊಮ್ಮಕ್ಕಳು ಒತ್ತುವರಿದಾರರಾದರು.

ಗೆರೆ ಅಳಿಸಿದ್ದು 2012ರ ಡಿಸೆಂಬರಿನಲ್ಲಿ. ಅದಕ್ಕೂ ಕೇಸು. ಮೀನುಗಾರರ ಪರ ವಾದ ಇಷ್ಟು: ಯೋಜನೆ ಶುರು ಮಾಡಲು ಸಂಸತ್ತು ಇಲಾಖೆಗೆ ಅಧಿಕಾರ ಕೊಟ್ಟಿದೆ, ನಿಲ್ಲಿಸಲು ಕೊಟ್ಟಿಲ್ಲ! ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಇದನ್ನು ಒಪ್ಪಲಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಅಷ್ಟು ಹೊತ್ತಿಗೆ ಗೆರೆಯ ದಕ್ಷಿಣಕ್ಕೆ ಕೆಲ್ಪ್ ಹೊದ್ದು ಮಲಗಿದ್ದ ತಲೆಮಾರಿಗೆ ತಾವು ಯಾವತ್ತೋ ಅಕ್ರಮವಾಗಿದ್ದ ಸುದ್ದಿಯೇ ಇರಲಿಲ್ಲ.