ಮೇ ತಿಂಗಳ ನೆಗಡಿ

ಮೂರು ದಿನದಿಂದ ಮೂಗು ಸೋರುತ್ತಿದೆ. ಔಷಧಿ ಅಂಗಡಿಯವನು "ಮಳೇಲಿ ನೆನೆದ್ರಾ ಸರ್?" ಅಂದ. "ಇಲ್ಲಪ್ಪ, ಕಲಬುರಗಿಗೆ ಹೋಗಿದ್ದೆ" ಅಂದೆ. ಮಾತ್ರೆ ಕೊಡುವ ಮೊದಲು ನನ್ನ ಮುಖವನ್ನೇ ಒಂದು ಸಲ ನೋಡಿದ.

ಅವತ್ತು ಕಲಬುರಗಿಯಲ್ಲಿ 42 ಡಿಗ್ರಿ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತವನು ಕೂತ ವೇಗದಲ್ಲೇ ಎದ್ದಿದ್ದೆ. ರೈಲು ಬಂತು. ಥರ್ಡ್ ಎಸಿ ಬೋಗಿ ಹತ್ತಿ "ಆಹಾ" ಅಂದೆ. ಆ ಆಹಾ ಹತ್ತು ನಿಮಿಷ ಬಾಳಿತು. ಆಮೇಲೆ ಹಲ್ಲು ಕಟಕಟ.

ಎದುರಿಗೆ ಒಬ್ಬರು ಕಾಕಾ. ತಲೆಗೆ ಮಫ್ಲರ್, ಮೈಮೇಲೆ ಎರಡು ಕಂಬಳಿ. ಅದರಲ್ಲಿ ಒಂದು ನನ್ನದು ಅಂತ ನನಗೆ ಈಗಲೂ ಅನುಮಾನ. ಇಷ್ಟಾದರೂ ಅಟೆಂಡರ್ ಹುಡುಗ ಹಾದುಹೋದರೆ ಸಾಕು, ಕಂಬಳಿಯೊಳಗಿಂದ ಒಂದು ಕೈ ಹೊರಗೆ ಬರುತ್ತಿತ್ತು. "ತಮ್ಮಾ, ಇನ್ನಾ ಸ್ವಲ್ಪ ತಣ್ಣಗ ಮಾಡೋ." ಹುಡುಗ "ಆಯ್ತು ಕಾಕಾ" ಅನ್ನುತ್ತಿದ್ದ. ಕೈ ಒಳಗೆ ಹೋಗುತ್ತಿತ್ತು.

ಮೇಲಿನ ಬರ್ತಿನ ಹೆಂಗಸು ಚಳಿ ತಡೆಯಲಾರದೆ ಗಾಳಿ ಬರುವ ಕಿಂಡಿಗೆ ದಿನಪತ್ರಿಕೆ ತುರುಕಿದರು. ಕಾಕಾ ಸೀಟು ಹತ್ತಿ ನಿಂತು ಅದನ್ನು ಎಳೆದು ತೆಗೆದರು. ತೊಡೆಯ ಮೇಲಿಟ್ಟು, ಸುಕ್ಕು ಬಿಡಿಸಿ, ಓದಲು ಕೂತರು. "ಯಾರದೋ ಪೇಪರ್ ಸಿಕ್ಕೊಂಡಿತ್ತು ನೋಡ್ರಿ." ಆಕೆ ಪುರವಣಿ ತುರುಕಿದರು. ಅದನ್ನೂ ಓದಿದರು.

"ಕಾಕಾ, ನಿಮಗೂ ಚಳಿ ಅಲ್ವಾ?"

"ಭಾಳ ಥಂಡಿ ಅದರೀ. ಖರೆ, ಮಗ ಎಸಿಗಂತ ರೊಕ್ಕ ಕೊಟ್ಟಾನಲ್ರೀ!"

ಯಾದಗಿರಿ ದಾಟಿದ ಮೇಲೆ ರೈಲು ಎತ್ತಿನಗಾಡಿ ಆಯಿತು. ನಾನು ಗೊಣಗಿದೆ. ಮಫ್ಲರ್ ಸ್ವಲ್ಪ ಸರಿಯಿತು. "ಹಳಿ ಕಾದಾವ್ರೀ. ಇಂಥ ಬಿಸಿಲಿಗೆ 60 ಡಿಗ್ರಿ ಮುಟ್ಟತಾವ."

ಕಾಕಾ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವರಂತೆ. ಒಂದು ಕಿಲೋಮೀಟರು ಹಳಿ 30 ಡಿಗ್ರಿ ಜಾಸ್ತಿ ಕಾದರೆ ಸುಮಾರು 35 ಸೆಂಟಿಮೀಟರು ಉದ್ದವಾಗಲು ನೋಡುತ್ತದೆ. ಮೊದಲು 13 ಮೀಟರಿನ ತುಂಡುಗಳಿದ್ದವು, ನಡುವೆ ಸಂದಿ ಬಿಡುತ್ತಿದ್ದರು. ಈಗ ಉದ್ದಕ್ಕೂ ಬೆಸುಗೆ. ಜಲ್ಲಿ, ಹಳಿಯಡಿ ಅಡ್ಡಲಾಗಿ ಹಾಕುವ ಸ್ಲೀಪರ್ ಬಿಗಿಯಾಗಿ ಹಿಡಿದಿರಬೇಕು. ಹಿಡಿತ ಸಡಿಲವಾದರೆ ಹಳಿ ಪಕ್ಕಕ್ಕೆ ಹಾವಿನಂತೆ ಡೊಂಕಾಗುತ್ತದೆ. ನಮ್ಮ ಸೀಟಿನಲ್ಲೂ ಮೂವರ ಜಾಗದಲ್ಲಿ ಐವರಿದ್ದೆವು, ಸಂದಿ ಇರಲಿಲ್ಲ. ನಾನಾಗಲೇ ಕಿಟಕಿ ಕಡೆಗೆ ಡೊಂಕಾಗಿದ್ದೆ.

ಚಿಕ್ಕವನಿದ್ದಾಗ ನಿದ್ದೆ ಬರಿಸುತ್ತಿದ್ದ ದಡಕ್ ದಡಕ್ ಆ ಸಂದಿಗಳದ್ದು. ಅಜ್ಜಿಯ ತೊಡೆ, ಪುಳಿಯೋಗರೆ ಡಬ್ಬಿ, ದಡಕ್ ದಡಕ್. ಈಗ ಸುಮ್ನೆ ಸರ್ ಅಂತ ಹೋಗುತ್ತೆ.

"ಬ್ಯಾಸಿಗ್ಯಾಗ ಮಧ್ಯಾಹ್ನ ಹಳಿ ನೋಡ್ಕೋತ ನಡೀತಿದ್ವಿ" ಅಂದರು ಕಾಕಾ. "ಚಳಿಗಾಲಕ್ಕ ರಾತ್ರಿ. ಥಂಡಿಗೆ ಹಳಿ ಕುಗ್ಗಿ ಸೀಳ್ತಾವ." ಕಿಟಕಿಯಾಚೆ ಒಬ್ಬ ಬಾವುಟ ಹಿಡಿದು, ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದ. ಕಪ್ಪು ಗಾಜಿನಿಂದ ಅವನಿಗೆ ಕಾಣುವುದಿಲ್ಲ ಅಂತ ಗೊತ್ತಿದ್ದೂ ಕಾಕಾ ಕೈ ಎತ್ತಿದರು. ಅದೇ ಕೈ. ಎಸಿ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ.

ಅವರು ರಾಯಚೂರಿನಲ್ಲಿ ಇಳಿದರು. ಅವರ ಬೆನ್ನು ಮರೆಯಾಗಿದ್ದೇ ತಡ, ನಾನು ಓಡಿದೆ. "ಸ್ವಲ್ಪ ಕಡಿಮೆ ಮಾಡಪ್ಪ, ಪುಣ್ಯ ಬರುತ್ತೆ!"

"ಸರ್, ಅದು ಬೆಳಿಗ್ಗೆಯಿಂದ 24ರಲ್ಲೇ ಇದೆ. ನಾನು ಮುಟ್ಟೇ ಇಲ್ಲ. ಕಾಕಾಗೆ ಆಯ್ತು ಅಂದೆ. ನಿಮಗೂ ಆಯ್ತು."